ಮಂಡಿ ಮೇಲೆ ಸುಮ್ನೆ ಅಪವಾದ

ಮೈಸೂರು, 17 ನವೆಂಬರ್ 2024, ಭಾನುವಾರ

ಬೆಳಗ್ಗೆ ಆರೂಕಾಲಿಗೆ ಚಾಮುಂಡಿ ಬೆಟ್ಟದ ಪಾದದಲ್ಲಿದ್ದೆ. ಹತ್ತಿದ್ದು ನಂದಿಯವರೆಗೆ ಮಾತ್ರ. ಒಟ್ಟು ಸಾವಿರ ಚಿಲ್ಲರೆ ಮೆಟ್ಟಿಲಲ್ಲಿ ಅದು ಸುಮಾರು 700. ಅಲ್ಲಿಂದ ಆಟೋ ಹಿಡಿದು ಮನೆಗೆ ಬಂದೆ, ನಾಚಿಕೆ ಏನೂ ಇಲ್ಲ. ಮೂರು ತಿಂಗಳ ಹಿಂದೆ ನಮ್ಮ ಮನೆ ಮಹಡಿಯ 18 ಮೆಟ್ಟಿಲಿಗೇ ಕೈಯನ್ನು ತೊಡೆ ಮೇಲೆ ಊರಿ, ಮೈಯನ್ನು ಮೂಟೆ ಥರ ಎತ್ತಿ ಎತ್ತಿ ಇಡುತ್ತಿದ್ದೆ.

ಇದೆಲ್ಲ ಶುರುವಾಗಿದ್ದು ಶ್ರಾವಣದಲ್ಲಿ, ಒಂದು ಗೃಹಪ್ರವೇಶದ ಊಟದಲ್ಲಿ. ನೆಲದ ಮೇಲೆ ಪಂಕ್ತಿ. ಕೂರುವುದೇನೋ ಕೂತೆ. ಚಿತ್ರಾನ್ನ, ಹೋಳಿಗೆ, ಮಜ್ಜಿಗೆ ಎಲ್ಲ ಆಯಿತು. ಏಳಲು ಹೋದರೆ ಆಗಲೇ ಇಲ್ಲ. ಎಂಜಲು ಕೈ, ನೆಲಕ್ಕೆ ಊರುವ ಹಾಗಿಲ್ಲ. ಹಿಡಿಯಲು ಹತ್ತಿರ ಕಂಬವೂ ಇಲ್ಲ. ಕೊನೆಗೆ ಮಜ್ಜಿಗೆ ಬಡಿಸುತ್ತಿದ್ದ ಹುಡುಗ ಬಕೆಟ್ ಕೆಳಗಿಟ್ಟು, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, "ನಿಧಾನ ತಾತ" ಅಂದ. ನನಗೆ 61.

ಎಲ್ಲರೂ ಮಂಡಿ ಸವೆದಿದೆ ಅಂದರು. ಒಬ್ಬರು ಎಣ್ಣೆ ಕೊಟ್ಟರು, ಇನ್ನೊಬ್ಬರು ಮಂಡಿಗೆ ಪಟ್ಟಿ ತಂದುಕೊಟ್ಟರು. ನಾನೂ ಅದನ್ನೇ ನಂಬಿಕೊಂಡು ಬಡಾವಣೆಯ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನ ಹುಡುಗಿ. ಮಂಡಿಯನ್ನು ಮಡಚಿ, ಒತ್ತಿ ನೋಡಿ, "ಇದು ಅಷ್ಟೇನೂ ಕೆಟ್ಟಿಲ್ಲ ಅಂಕಲ್" ಅಂದಳು. ಆಮೇಲೆ ಕನ್ನಡಿ ಮುಂದೆ ಬಲಗಾಲಿನ ಮೇಲೆ ಮಾತ್ರ ನಿಲ್ಲಿಸಿದಳು. ಪಂಚೆ ಕಟ್ಟುವ ಜಾಗದಲ್ಲಿ ಎರಡೂ ಕಡೆ ಒಂದೊಂದು ಬೆರಳಿಟ್ಟಳು. ನೋಡುತ್ತಾ ನಿಂತ ಹಾಗೇ ಎಡಗಡೆ ಬೆರಳು ಮೆಲ್ಲಗೆ ಕೆಳಗೆ ಇಳಿಯಿತು. ಬಲಗಡೆ ಪಕ್ಕದ ಸ್ನಾಯುವಿಗೆ ಸೊಂಟವನ್ನು ಮಟ್ಟವಾಗಿ ಹಿಡಿಯುವ ಶಕ್ತಿ ಇಲ್ಲ, ಅದಕ್ಕೇ ಎಡಗಡೆ ಜಾರುತ್ತಿದೆ. ಜರ್ಮನಿಯ ಸರ್ಜನ್ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ಹೇಳಿಟ್ಟ ಲಕ್ಷಣವಂತೆ ಇದು.

"ಗ್ಲೂಟ್ಸ್ ವೀಕ್ ಇದೆ" ಅಂದಳು. ಹಾಗಂದರೆ ಏನಮ್ಮ ಅಂತ ಕೇಳಿದೆ. ಸ್ವಲ್ಪ ತಡವರಿಸಿ "ಕೂರೋ ಜಾಗದ ಮಸಲ್ ಅಂಕಲ್" ಅಂದಳು. ಪಾಪ. ಈ ಜಾಗಕ್ಕೆ ಕನ್ನಡದಲ್ಲಿ ಪದಕ್ಕೇನು ಬರ ಇಲ್ಲ, ಆದರೆ ಮುಕ್ಕಾಲು ಪಾಲು ಬೈಗುಳಕ್ಕೇ ಹೋಗಿಬಿಟ್ಟಿವೆ. ಪಿರ್ರೆ ಅನ್ನೋಣ, ಅದಕ್ಕೆ ಸ್ವಲ್ಪ ಮರ್ಯಾದೆ ಉಳಿದಿದೆ.

ಪಿರ್ರೆಯಲ್ಲಿ ಮೂರು ಸ್ನಾಯು. ದೊಡ್ಡದು ನಮ್ಮ ಮೈಯಲ್ಲೇ ಎಲ್ಲಕ್ಕಿಂತ ದೊಡ್ಡ ಸ್ನಾಯು. ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ಮೈಯನ್ನು ಮೇಲಕ್ಕೆ ದೂಡುವುದು ಅದು. ಉಳಿದ ಎರಡು ಪಕ್ಕದಲ್ಲಿರುವಂಥವು, ನಡೆಯುವಾಗ ಸೊಂಟ ವಾಲದ ಹಾಗೆ ಹಿಡಿಯುತ್ತವೆ. ನಡಿಗೆ ಅಂದರೆ ಹೆಜ್ಜೆ ಹೆಜ್ಜೆಗೂ ಒಂಟಿ ಕಾಲಲ್ಲಿ ನಿಲ್ಲುವುದೇ, ಅಲ್ವಾ? ಬಚ್ಚಲಲ್ಲಿ ಕಾಲು ಸ್ವಲ್ಪ ಜಾರಿದಾಗ ಮೈ ತಡೆದು ನಿಲ್ಲಿಸಬೇಕಾದವರ ಪೈಕಿ ಇವೂ ಇವೆ. ಇವು ಸೋತರೆ ತೊಡೆ ಒಳಕ್ಕೆ ವಾಲುತ್ತದೆ, ಭಾರ ಮಂಡಿಗೆ ಬೀಳುತ್ತದೆ. ವಯಸ್ಸಾದಂತೆ ಸ್ನಾಯು ಹೇಗೂ ಕರಗುತ್ತದೆ. ಅದರ ಮೇಲೆ ನಾನು 34 ವರ್ಷ ಬ್ಯಾಂಕಿನ ಕುರ್ಚಿಯಲ್ಲಿ ಕೂತವನು. ಮನೆಗೆ ಬಂದರೆ ಸೋಫಾ, ಊಟಕ್ಕೆ ಟೇಬಲ್ಲು, ಕಕ್ಕಸು ಕೂಡ ಕುರ್ಚಿಯಂಥದ್ದು. ಕುಕ್ಕರಗಾಲಲ್ಲಿ ಕೂತು ಎಷ್ಟು ವರ್ಷವಾಯಿತೋ!

ಅವಳು ಹೇಳಿಕೊಟ್ಟ ವ್ಯಾಯಾಮ ನೋಡಿದರೆ ಮಕ್ಕಳಾಟ. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತುವುದು, ಯೋಗದವರ ಸೇತುಬಂಧದ ಹಾಗೆ. ಮೊದಲ ದಿನ ನಾಲ್ಕನೇ ಸಲಕ್ಕೇ ತೊಡೆಯ ಹಿಂಭಾಗ ಹಿಡಿದುಕೊಂಡು ಅಯ್ಯಯ್ಯೋ ಅಂದುಬಿಟ್ಟೆ. ಪಿರ್ರೆ ಕೆಲಸ ಮಾಡದೆ ತೊಡೆ ಅದರ ಪಾಲನ್ನೂ ಹೊರುತ್ತಿತ್ತು. ಹಿಮ್ಮಡಿಯನ್ನು ಒಂದು ಗೇಣು ಹತ್ತಿರ ಎಳೆದುಕೊಳ್ಳಲು ಹೇಳಿದಳು, ಸರಿಹೋಯಿತು. ಇನ್ನೊಂದು ವ್ಯಾಯಾಮ, ಪಕ್ಕಕ್ಕೆ ಮಲಗಿ, ಪಾದ ಜೋಡಿಸಿಕೊಂಡು, ಮೇಲಿನ ಮಂಡಿಯನ್ನು ಕಪ್ಪೆಚಿಪ್ಪಿನ ಹಾಗೆ ತೆರೆಯುವುದು. ಇದರಲ್ಲಿ ಸೊಂಟ ಹಿಂದಕ್ಕೆ ಹೊರಳಿಸಿ ಮೋಸ ಮಾಡುವುದು ಬಹಳ ಸುಲಭ, ನಾನು ಎರಡು ವಾರ ಮೋಸವನ್ನೇ ಮಾಡಿದ್ದೆ. ಅಡುಗೆಮನೆ ಕಟ್ಟೆ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತುವುದಂತೂ ಹಾಲು ಉಕ್ಕುವುದನ್ನು ಕಾಯುವಾಗ ಆಗಿಹೋಗುತ್ತದೆ. ಹಾಲು ಎರಡು ಸಲ ಉಕ್ಕಿದೆ, ಅದು ಬೇರೆ ಮಾತು.

ಒಂದು ಪರೀಕ್ಷೆಯೂ ಇದೆ. ಕೈಯನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಹುದು ಅಂತ. 60ರಿಂದ 64ರ ಗಂಡಸರು 14ಕ್ಕಿಂತ ಕಡಿಮೆ ಮಾಡಿದರೆ ಸರಾಸರಿಗಿಂತ ಕೆಳಗೆ, ಹೆಂಗಸರಿಗೆ 12. ಮೊದಲ ಸಲ ನನ್ನದು 9. ನಿನ್ನೆ 13. ಇನ್ನೂ ಫೇಲೇ. ನನ್ನ ಹೆಂಡತಿ ಸುಮ್ನೆ ನೋಡೋಣ ಅಂತ ಕೂತು 15 ಮಾಡಿ, "ರೀ, ಸಾರಿಗೆ ಒಗ್ಗರಣೆ ಹಾಕ್ಬೇಕು" ಅಂತ ಎದ್ದು ಹೋದಳು.

ಈ ವಯಸ್ಸಿನಲ್ಲಿ ಇನ್ನೇನು ಸ್ನಾಯು ಬರುತ್ತೆ ಅಂತ ನನ್ನ ಭಾವಮೈದ ನಕ್ಕ. 1990ರಲ್ಲಿ ಅಮೆರಿಕದ ವೃದ್ಧಾಶ್ರಮವೊಂದರಲ್ಲಿ 90ರ ಆಸುಪಾಸಿನವರಿಂದ 8 ವಾರ ಕಾಲಿನಲ್ಲಿ ಭಾರ ಎತ್ತಿಸಿದ್ದರು, ಅವರ ತೊಡೆಯ ಬಲ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು ಅಂತ ಹೇಳಿದೆ. ಅವನು ಕಾಫಿ ಕೇಳಿದ.

ಬೆಟ್ಟದಿಂದ ಬಂದಾಗ ಅಮ್ಮ ನಡುಮನೆಯಲ್ಲಿ ಪೇಪರ್ ಹಾಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. 84 ವರ್ಷ. ಈಗಲೂ ಊಟ ನೆಲದಲ್ಲೇ, ತರಕಾರಿ ಹೆಚ್ಚುವುದು ಈಳಿಗೆಮಣೆಯಲ್ಲೇ. ಒಂದು ಕೈ ನೆಲಕ್ಕೆ ಊರಿದರೆ ಸಾಕು, ಎದ್ದೇಬಿಡುತ್ತಾರೆ. ನಾನೂ ಪಕ್ಕದಲ್ಲಿ ಕೂತು ಅರ್ಧ ಗಂಟೆ ಬಿಡಿಸಿದೆ. ಏಳುವಾಗ ಮುಂದಕ್ಕೆ ಬಾಗಿದೆ, ಒಂದು ಮಂಡಿ, ಒಂದು ಕೈ, ಹಿಂದೆ ಗಟ್ಟಿಯಾಗಿ ಬಿಗಿ ಹಿಡಿದೆ. ಎದ್ದೆ! ಯಾರೂ ಎಬ್ಬಿಸಲಿಲ್ಲ. ಅಮ್ಮ ತಲೆ ಎತ್ತಿ ನೋಡಿ, ಸಿಪ್ಪೆ ತುಂಬಿದ ಮೊರ ನನ್ನ ಕಡೆ ಚಾಚಿ, "ಎದ್ದಿದ್ದೀಯಲ್ಲ, ಹಾಗೇ ಇದನ್ನ ಹಸುಗೆ ಹಾಕಿ ಬಾ" ಅಂದರು.