ಸೇತುವೆಗೂ ಒಂದು ಮಾಡು: ಕಾರ್ನಿಷ್–ವಿಂಡ್ಸರ್‌ಗೆ ಹೋಗುವವರಿಗೆ

ಮಲೆನಾಡಿನಲ್ಲಿ ಬೆಳೆದ ನನಗೆ ಮರದ ಸಂಕ, ಅಂದರೆ ಕಿರುಸೇತುವೆ, ಹೊಸದಲ್ಲ. ಆದರೆ ಸಂಕಕ್ಕೆ ಗೋಡೆ, ಮೇಲೊಂದು ಮಾಡು (ಸೂರು)? ದೂರದಿಂದ ನೋಡಿದರೆ ಯಾರೋ ಉದ್ದದ ದನದ ಕೊಟ್ಟಿಗೆಯನ್ನು ತಂದು ಹೊಳೆಗೆ ಅಡ್ಡ ಇಟ್ಟ ಹಾಗೆ ಕಾಣುತ್ತದೆ.

ಅಮೆರಿಕದ ಈ ಕಾರ್ನಿಷ್–ವಿಂಡ್ಸರ್ ಸೇತುವೆಗೆ ಬಾಸ್ಟನ್‌ನಿಂದ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ. ಈಚೆ ದಡ ನ್ಯೂ ಹ್ಯಾಂಪ್‌ಶೈರ್‌ನ ಕಾರ್ನಿಷ್, ಆಚೆ ದಡ ವರ್ಮಾಂಟ್‌ನ ವಿಂಡ್ಸರ್, ನಡುವೆ ಕನೆಕ್ಟಿಕಟ್ ನದಿ. ನ್ಯೂಯಾರ್ಕ್ ಕಡೆಯಿಂದ ಬರುವವರಿಗೆ ವರ್ಮಾಂಟರ್ ರೈಲು ವಿಂಡ್ಸರ್‌ನಲ್ಲೇ ನಿಲ್ಲುತ್ತದೆ. ಆದರೆ ಅದು ದಿನಕ್ಕೊಂದೇ. ತಪ್ಪಿದರೆ ಅಲ್ಲೇ ರಾತ್ರಿ ಕಳೆಯಬೇಕು.

ಇಲ್ಲಿ ಮೊದಲ ಸೇತುವೆ ಬಂದದ್ದು 1796ರಲ್ಲಿ. ನೆರೆ ಬಂತು, ಹೋಯಿತು. ಮತ್ತೆ ಕಟ್ಟಿದರು, ಅದೂ ಹೋಯಿತು. ನಮ್ಮೂರ ಕಾಲುಸಂಕದ ಕಥೆಯೇ ಅಲ್ವಾ? ಈಗಿರುವುದು ನಾಲ್ಕನೆಯದು. 1866ರಲ್ಲಿ ಜೇಮ್ಸ್ ಟಾಸ್ಕರ್ ಮತ್ತು ಬೇಲಾ ಫ್ಲೆಚರ್ ಕಟ್ಟಿದ್ದು, ಖರ್ಚು 9,000 ಡಾಲರ್. ಟಾಸ್ಕರ್‌ಗೆ ಓದು ಬರಹ ಬರುತ್ತಿರಲಿಲ್ಲ ಅಂತ ಹೇಳುತ್ತಾರೆ. ಆತ ಕಟ್ಟಿದ 449 ಅಡಿ ಉದ್ದದ ಸೇತುವೆಯ ಮೇಲೆ ಇವತ್ತಿಗೂ ಕಾರು ಓಡಾಡುತ್ತವೆ.

ಮಾಡು ಯಾಕೆ ಅಂತ ನನ್ನ ಮಗಳು ಕೇಳಿದಳು. ಹಿಮ ಬೀಳದಿರಲಿ ಅಂತ ಇರಬೇಕು ಎಂದೆ. ತಪ್ಪು. ಚಳಿಗಾಲದಲ್ಲಿ ಗಾಲಿಯಿಲ್ಲದೆ ಹಿಮದ ಮೇಲೆ ಜಾರುವ ಬಂಡಿ ದಾಟಬೇಕೆಂದರೆ ಒಳಗಿನ ಹಲಗೆಯ ಮೇಲೆ ಹಿಮ ಬೇಕೇ ಬೇಕು. ಅದಕ್ಕೆ ಹೊರಗಿನಿಂದ ಹಿಮ ಹೊತ್ತು ತಂದು ಹರಡುತ್ತಿದ್ದರಂತೆ! ಮಾಡು ಇರುವುದು ದಾಟುವವರಿಗಲ್ಲ, ಮರಕ್ಕೆ. ಭಾರ ಹೊರುವ ಮರಗಳು ಮಳೆಗೆ ನೆನೆದು, ಒಣಗಿ, ಮತ್ತೆ ನೆನೆದರೆ ಕೆಲವೇ ವರ್ಷಗಳಲ್ಲಿ ಕೊಳೆತುಹೋಗುತ್ತವೆ. ಮಾಡು ಹಾಕಿದರೆ ಆಯುಸ್ಸು ಎಷ್ಟೋ ಪಟ್ಟು ಜಾಸ್ತಿ.

ಒಳಗೆ ಹೋದಾಗ ಪಕ್ಕದ ಗೋಡೆ ನೋಡಿ. ದಪ್ಪ ತೊಲೆಗಳು ಒಂದಕ್ಕೊಂದು ಅಡ್ಡಡ್ಡ ಹೋಗಿ ಬಿದಿರಿನ ತಟ್ಟಿಯ ಹಾಗೆ ಹೆಣೆದುಕೊಂಡಿವೆ. ಭಾರವನ್ನೆಲ್ಲ ಹೊರುವುದು ಈ ಜಾಲರಿಯೇ. 1820ರಲ್ಲಿ ಇಥಿಯಲ್ ಟೌನ್ ಎಂಬಾತ ಪೇಟೆಂಟ್ ಪಡೆದ ವಿಧಾನ ಇದು. ಕಾರಿನಲ್ಲಿ ದಾಟಿದರೆ ಅರ್ಧ ನಿಮಿಷ, ಏನೂ ಕಾಣುವುದಿಲ್ಲ. ನಾವೂ ಮೊದಲ ಸಲ ಹಾಗೇ ದಾಟಿ ಪೆಚ್ಚಾದೆವು. ಕಾರನ್ನು ದಡದಲ್ಲಿ ಬಿಟ್ಟು ಬಾಗಿಲ ಬಳಿ ನಿಂತು ನೋಡಿ. ಒಳಗೆ ನಡೆಯುವವರಿಗೆ ಬೇರೆ ದಾರಿ ಇಲ್ಲ, ಹಾಗಾಗಿ ಮಕ್ಕಳ ಕೈ ಬಿಡಬೇಡಿ.

ಬಾಗಿಲ ಮೇಲಿನ ಬೋರ್ಡ್ ಓದದೆ ಬರಬೇಡಿ. ಕುದುರೆಯನ್ನು ಓಡಿಸದೆ ನಡೆಸಿಕೊಂಡು ಹೋಗಿ, ಇಲ್ಲವಾದರೆ ಎರಡು ಡಾಲರ್ ದಂಡ ಎಂದಿದೆ. ದಂಡ ಬೇರೆ, ಸುಂಕ ಬೇರೆ. ಸರ್ಕಾರ 1936ರಲ್ಲಿ ಸೇತುವೆ ಕೊಂಡಮೇಲೂ 1943ರ ತನಕ ದಾಟುವುದಕ್ಕೆ ದುಡ್ಡು ಕೊಡಬೇಕಿತ್ತು. ಈಗ ಪುಕ್ಕಟೆ.

ಫೋಟೋಗೆ ನ್ಯೂ ಹ್ಯಾಂಪ್‌ಶೈರ್ ದಡ ಒಳ್ಳೆಯದು, ಹಿಂದೆ ಅಸ್ಕಟ್ನಿ ಬೆಟ್ಟ ಬರುತ್ತದೆ. ಅಕ್ಟೋಬರ್ ಮೊದಲ ವಾರಗಳಲ್ಲಿ ಎಲೆ ಬಣ್ಣ ತಿರುಗುತ್ತದೆ, ಜನವೂ ಜಾಸ್ತಿ. ರೂಮಿನ ಬಾಡಿಗೆ ಕೇಳಿಯೇ ನಮಗೆ ಬೆವರಿತು. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವುದೇ ಜಾಣತನ.

ಇದೊಂದನ್ನೇ ನೋಡಿ ಓಡಿಬರಬೇಡಿ. ಕಾರ್ನಿಷ್‌ನ ಒಳದಾರಿಯಲ್ಲಿ ಟಾಸ್ಕರ್ ಕಟ್ಟಿದ ಎರಡು ಪುಟ್ಟ ಸೇತುವೆಗಳಿವೆ: ಡಿಂಗಲ್‌ಟನ್ ಹಿಲ್, ಬ್ಲ್ಯಾಕ್‌ಸ್ಮಿತ್ ಶಾಪ್. ಎರಡನೆಯದರಲ್ಲಿ ವಾಹನ ಬಿಡುವುದಿಲ್ಲ, ಹಾಗಾಗಿ ಆರಾಮಾಗಿ ತೊಲೆ ಮುಟ್ಟಿ ನೋಡಬಹುದು. ಫೋನ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ನಾವು ಸುಮ್ನೆ ಅರ್ಧ ಗಂಟೆ ಅದೇ ಹೊಲದ ಸುತ್ತ ತಿರುಗಿದೆವು. ಕೊನೆಗೆ ಬ್ಲ್ಯಾಕ್‌ಸ್ಮಿತ್ ಶಾಪ್ ಸಿಕ್ಕಿದಾಗ ಮಳೆ ಶುರುವಾಗಿತ್ತು. ಅದರ ಮಾಡಿನ ಕೆಳಗೇ ನಿಂತು ಪುಳಿಯೋಗರೆ ಡಬ್ಬಿ ಖಾಲಿ ಮಾಡಿದೆವು.