ಬೇಲೂರಿನ ನಕ್ಷತ್ರದ ಗೋಡೆ ಕೊನೆಗೂ ತಿರುಗಿತು

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಗರ್ಭಗುಡಿಯ ಹೊರಗೋಡೆ ಈ ವಾರ ನನ್ನ ಪೆನ್ಸಿಲ್‌ನಿಂದ ಕಾಗದದ ಮೇಲೆ ಬಂತು. ಕೆತ್ತನೆ ಒಂದೂ ಬಿಡಿಸಿಲ್ಲ. ಒಂದು ಆನೆ ಇಲ್ಲ, ಒಂದು ಹೂಬಳ್ಳಿ ಇಲ್ಲ. ಆದರೆ ಗೋಡೆ ತಿರುಗುತ್ತಿದೆ. ಮುಂದೆ ಬರುತ್ತದೆ, ಒಳಗೆ ಹೋಗುತ್ತದೆ, ಮತ್ತೆ ಮುಂದೆ ಬಂದು ಆ ಕಡೆಗೆ ಸುತ್ತಿಕೊಂಡು ಮರೆಯಾಗುತ್ತದೆ. ತಿಂಗಳುಗಟ್ಟಲೆ ಇದೊಂದೇ ಕೈಗೆ ಸಿಕ್ಕಿರಲಿಲ್ಲ. ಖುಷಿ ಎಷ್ಟಾಗಿದೆ ಅಂದರೆ ಬರೆಯದೆ ಇರಲು ಆಗುತ್ತಿಲ್ಲ.

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಮುಗಿಸಿ ಇಲ್ಲಿಗೆ ಬಂದಿದ್ದೆ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲೇ ಸಿಗುವ ಊರು. ಅದು 12ನೇ ಶತಮಾನದ ಶುರುವಿನ ಗುಡಿ. ನಾಲ್ಕು ಗರ್ಭಗುಡಿ, ಚೌಕದ ತಳ, ನೇರ ಗೋಡೆ, ಕೆತ್ತನೆ ಕಡಿಮೆ. ಎರಡು ವ್ಯಾನಿಶಿಂಗ್ ಪಾಯಿಂಟ್ (ದೂರ ಹೋಗುವ ಸಮಾನಾಂತರ ಗೆರೆಗಳು ಸೇರುವ ಹಾಗೆ ಕಾಣುವ ಬಿಂದು) ಇಟ್ಟುಕೊಂಡರೆ ಇಡೀ ಕಟ್ಟಡ ಹೇಳಿದ ಹಾಗೆ ಕೇಳುತ್ತದೆ. ಪರ್ಸ್ಪೆಕ್ಟಿವ್, ಅಂದರೆ ಕಾಗದದ ಮೇಲೆ ದೂರ ಮತ್ತು ಆಳ ತೋರಿಸುವುದನ್ನು ಕಲಿಯುವವರಿಗೆ ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ಈಗಲೂ ಹೇಳುತ್ತೇನೆ. ಕೆರೆ ಪಕ್ಕದಲ್ಲೇ ಇದೆ, ಜನ ಕಡಿಮೆ, ಆರಾಮಾಗಿ ಕೂತು ಬರೆಯಬಹುದು.

ಬೇಲೂರಿನ ವಿಚಾರ ಬೇರೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆ ಆದ ಗುಡಿ. ದೊಡ್ಡಗದ್ದವಳ್ಳಿಗೂ ಇದಕ್ಕೂ ನಡುವೆ ಕೆಲವೇ ವರ್ಷಗಳ ಅಂತರ. ಅಷ್ಟರಲ್ಲಿ ಚೌಕ ಹೋಗಿ ನಕ್ಷತ್ರ ಬಂದಿದೆ! ಗರ್ಭಗುಡಿಯ ಮೇಲೆ ಈಗ ಶಿಖರವೂ ಇಲ್ಲ. ಶಿಖರ ಇದ್ದಿದ್ದರೆ ಅದೇ ನಕ್ಷತ್ರ ಮೇಲಕ್ಕೆ ಹೋಗುತ್ತಾ ಚಿಕ್ಕದಾಗುವುದನ್ನು ನೋಡಿ ಆಕಾರ ಹಿಡಿಯಬಹುದಿತ್ತು. ಇಲ್ಲಿ ಗೋಡೆ ಮತ್ತು ಸೂರು ಎರಡರಿಂದಲೇ ಎಲ್ಲ ಹೇಳಬೇಕು.

ನಾನು ಕೂರುವುದು ಜಗತಿಯ (ಗುಡಿ ನಿಂತಿರುವ ಎತ್ತರದ ಕಲ್ಲಿನ ಕಟ್ಟೆ) ಮೇಲೆ, ನೈಋತ್ಯ ಮೂಲೆಯ ಕಡೆ. ಅಲ್ಲಿಂದ ದಕ್ಷಿಣದ ದೊಡ್ಡ ಗೂಡು (ಗೋಡೆಯಿಂದ ಹೊರಚಾಚಿದ ಪುಟ್ಟ ಗುಡಿಯಂಥದ್ದು) ಬಲಗಡೆ, ಪಶ್ಚಿಮದ್ದು ಎಡಗಡೆ, ನಡುವೆ ನಕ್ಷತ್ರದ ಮೂಲೆಗಳು. ಪೆನ್ಸಿಲ್ ಹಿಡಿದು ಅಳತೆ ಮಾಡಿದೆ, ಕೋನ ನೋಡಿದೆ, ಗೆರೆ ಎಳೆದೆ. ಪ್ರತಿ ಸಲವೂ ಗೋಡೆ ಮಡಚಿಟ್ಟ ಪರದೆಯ ಹಾಗೆ ಚಪ್ಪಟೆಯಾಗಿ ನಿಲ್ಲುತ್ತಿತ್ತು. ಮಡಿಕೆ ಇದೆ, ಆದರೆ ಸುತ್ತು ಇಲ್ಲ. ಶೇಡಿಂಗ್ ಜಾಸ್ತಿ ಮಾಡಿದರೆ ಪರದೆ ಕಪ್ಪಾಗುತ್ತಿತ್ತು, ಅಷ್ಟೇ.

ಕೊನೆಗೆ ಮನೆಯಲ್ಲಿ ಹಾಲ್‌ನ ನೆಲದ ಮೇಲೆ ಚಾಕ್‌ಪೀಸ್‌ನಲ್ಲಿ ತಳದ ನಕ್ಷೆಯನ್ನೇ ಬರೆದೆ. ಅಮ್ಮ ಅಡುಗೆಮನೆಯಿಂದ ಬಂದು ನೋಡಿ, "ಹಬ್ಬ ಇನ್ನೂ ದೂರ ಇದೆ ಕಣೋ, ಈಗಲೇ ರಂಗೋಲಿ ಯಾಕೆ?" ಅಂದರು. ಚುಕ್ಕಿ ಎಷ್ಟು ಅಂತ ಬೇರೆ ಕೇಳಿದರು. ಹದಿನಾರು ಅಂದೆ. ಅದಕ್ಕೆ ಸಮಾಧಾನವಾಗಿ ಒಳಗೆ ಹೋದರು.

ನಕ್ಷತ್ರ ಮಾಡುವುದು ಸುಲಭ. ಒಂದು ಚೌಕ ಬರೆಯಿರಿ. ಅದರ ನಡುಬಿಂದು ಹಿಡಿದುಕೊಂಡು 22.5 ಡಿಗ್ರಿ ತಿರುಗಿಸಿ ಇನ್ನೊಂದು ಬರೆಯಿರಿ. ಹೀಗೆ ಒಟ್ಟು ನಾಲ್ಕು ಚೌಕ. ಒಳಗಿನ ಗೆರೆ ಅಳಿಸಿದರೆ 16 ಮೂಲೆಯ ನಕ್ಷತ್ರ ಉಳಿಯುತ್ತದೆ. ಸೋಮನಾಥಪುರದ ವಿಮಾನಗಳು, ಅಂದರೆ ಶಿಖರದ ಸಮೇತ ಗರ್ಭಗುಡಿಗಳು, ಹೀಗೇ ಇವೆ. ಬೇಲೂರಿನಲ್ಲಿ ಮೂರು ದಿಕ್ಕಿನಲ್ಲಿ ದೊಡ್ಡ ಗೂಡುಗಳು ನಕ್ಷತ್ರದ ಭಾಗ ಮುಚ್ಚಿಬಿಟ್ಟಿವೆ. ಅದಕ್ಕೇ ಅಲ್ಲಿ ನಿಂತು ನೋಡಿದರೆ ಲೆಕ್ಕ ತಕ್ಷಣ ಸಿಗುವುದಿಲ್ಲ. ಆದರೆ ಚೌಕ ತಿರುಗಿಸುವ ವಿಧಾನ ಒಂದೇ. ಅಭ್ಯಾಸಕ್ಕೆ ಪೂರ್ತಿ 16 ಮೂಲೆಯದನ್ನು ಇಟ್ಟುಕೊಂಡರೆ ಸಾಕು.

ನಕ್ಷೆ ಎದುರಿಗೆ ಬಂದ ಮೇಲೆ ಒಂದೊಂದೇ ವಿಷಯ ಬಿಚ್ಚಿಕೊಂಡಿತು. ಹೊರಮೂಲೆ ಎಲ್ಲವೂ ಸರಿಯಾಗಿ 90 ಡಿಗ್ರಿ. ಚೌಕದ ಮೂಲೆಯೇ ಅಲ್ವಾ ಅದು. ಆದರೆ ಎರಡು ಮೂಲೆಗಳ ನಡುವಿನ ಸಂದು 90 ಅಲ್ಲ, 112.5 ಡಿಗ್ರಿ ಅಗಲ. ಇನ್ನೊಂದು, ಸಂದು ನಾವು ಅಂದುಕೊಂಡಷ್ಟು ಆಳ ಇಲ್ಲ. ನಡುವಿನಿಂದ ಹೊರಮೂಲೆಗೆ 100 ಅಂತ ಇಟ್ಟುಕೊಂಡರೆ ಸಂದಿಗೆ 85. ಅಲ್ಲಿ ನಿಂತಾಗ ನೆರಳು ಕಪ್ಪಾಗಿ ಕೂತಿರುವುದರಿಂದ ಸಂದು ಬಾವಿಯಷ್ಟು ಆಳ ಕಾಣುತ್ತದೆ, ಕೈ ಹಾಗೇ ಎಳೆದುಬಿಡುತ್ತದೆ.

ಆಮೇಲೆ ವ್ಯಾನಿಶಿಂಗ್ ಪಾಯಿಂಟ್ ಲೆಕ್ಕ. ನಾಲ್ಕು ಚೌಕಕ್ಕೆ ತಲಾ ಎರಡು ದಿಕ್ಕು, ಒಟ್ಟು ಎಂಟು. ಒಂದು ದಿಕ್ಕು ಕಾಗದಕ್ಕೆ ಸಮಾನಾಂತರ ಆಗುವ ಹಾಗೆ ಕೂತರೂ ಏಳು ಪಾಯಿಂಟ್ ಉಳಿಯುತ್ತವೆ. ಒಂದು ಕಣ್ಣೆದುರಿಗೇ ಬರುತ್ತದೆ. ಕಣ್ಣಿನಿಂದ ಕಾಗದಕ್ಕೆ 30 ಸೆಂ.ಮೀ. ಅಂತ ಹಿಡಿದರೆ ಮಿಕ್ಕವು ಎರಡೂ ಕಡೆ 12.4, 30 ಮತ್ತು 72.4 ಸೆಂ.ಮೀ. ದೂರದಲ್ಲಿ ಬೀಳುತ್ತವೆ. ಎ4 ಹಾಳೆ ಅಡ್ಡ ಇಟ್ಟರೂ ನಡುವಿನಿಂದ ಅಂಚಿಗೆ 15 ಸೆಂ.ಮೀ. ಕೂಡ ಇಲ್ಲ. ಮನೆಯಲ್ಲಾದರೆ ಮೇಜಿನ ಮೇಲೆ ಟೇಪ್ ಅಂಟಿಸಿ ಮಾಡಬಹುದು. ತೊಡೆಯ ಮೇಲೆ ಸ್ಕೆಚ್‌ಬುಕ್ ಇಟ್ಟುಕೊಂಡು ಜಗತಿಯ ಮೇಲೆ ಕೂತವನಿಗೆ ಇದು ಆಗದ ಮಾತು.

ದಾರಿ ಸಿಕ್ಕಿದ್ದು ವೃತ್ತದಲ್ಲಿ. ಹೊರಮೂಲೆಗಳೆಲ್ಲ ಒಂದೇ ವೃತ್ತದ ಮೇಲಿವೆ. ಸಂದುಗಳೆಲ್ಲ ಅದರ ಒಳಗಿನ ಇನ್ನೊಂದು ವೃತ್ತದ ಮೇಲಿವೆ. ವೃತ್ತ ಓರೆಯಾಗಿ ಕಂಡರೆ ಎಲಿಪ್ಸ್. ಎಲಿಪ್ಸ್ ನಮಗೆಲ್ಲ ಗೊತ್ತು, ಲೋಟ ಬಕೆಟ್ ಬರೆದೇ ಕೈ ತಿದ್ದಿಕೊಂಡವರು ನಾವು. ಹಾಗಾದರೆ ಏಳು ಪಾಯಿಂಟ್ ಬಿಟ್ಟು ಎರಡು ಎಲಿಪ್ಸ್ ಸಾಕು.

ಮಾಡುವುದು ಹೀಗೆ. ಎಲಿಪ್ಸ್ ಕೆಳಗೆ ಅದೇ ಅಗಲದ ಅರ್ಧ ವೃತ್ತ ಎಳೆದು 22.5 ಡಿಗ್ರಿಗೊಂದು ಗುರುತು ಹಾಕಿ. ಗುರುತಿನಿಂದ ನೇರ ಮೇಲಕ್ಕೆ ಗೆರೆ. ಎಲಿಪ್ಸ್ ಅನ್ನು ಮುಟ್ಟಿದ ಜಾಗದಲ್ಲಿ ಮೂಲೆ. ತ್ರಿಜ್ಯ 10 ಸೆಂ.ಮೀ. ಇದ್ದು ಒಂದು ಮೂಲೆ ನೇರ ನಮ್ಮ ಕಡೆ ಮುಖ ಮಾಡಿದ್ದರೆ, ಅಲ್ಲಿಂದ ಮುಂದಿನ ಮೂಲೆಗೆ 3.8 ಸೆಂ.ಮೀ., ಅದರ ಮುಂದಿನದಕ್ಕೆ 3.2, ಆಮೇಲೆ 2.2, ಕೊನೆಯದಕ್ಕೆ ಬರೀ 0.8. ಈ ಕೊನೆಯ ಸಂಖ್ಯೆಯನ್ನು ನೋಡಿ ನಾನು ಸುಮ್ಮನೆ ಕೂತುಬಿಟ್ಟೆ. ನಡುವಿನದರ ಕಾಲು ಭಾಗಕ್ಕಿಂತ ಕಡಿಮೆ! ಹತ್ತಿರದಿಂದ ನೋಡುವಾಗ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಅಂಚಿನಲ್ಲಿ ಮೂಲೆಗಳು ಒತ್ತೊತ್ತಾಗಿ ಸೇರುವುದು ಮಾತ್ರ ಖಂಡಿತ.

ಅದಕ್ಕಿಂತ ದೊಡ್ಡ ವಿಷಯ ಸಂದುಗಳಿಗೂ ಹೀಗೇ ಗೆರೆ ಎಳೆದಾಗ ಕಂಡಿತು. ಪಕ್ಕಕ್ಕೆ 45 ಡಿಗ್ರಿಯಲ್ಲಿರುವ ಮೂಲೆ ಮತ್ತು ಅದರ ಆಚೆಯ ಸಂದು ಎರಡೂ ಒಂದೇ ಗೆರೆಯ ಮೇಲೆ ಬಂದವು. ಅಂದರೆ ಆ ಮೂಲೆಯ ಆಚೆ ಮುಖ ನಮಗೆ ಕಾಣುವುದೇ ಇಲ್ಲ. ಅಲ್ಲಿಂದ ಮುಂದೆ ಪ್ರತಿ ಮೂಲೆಗೂ ಒಂದೇ ಮುಖ. ಇನ್ನೊಂದು ಹಿಂದೆ ಅಡಗಿರುತ್ತದೆ, ಸಂದೂ ಮರೆಯಾಗಿರುತ್ತದೆ. ಒಂದು ಮೂಲೆಯ ಅಂಚಿನ ಹಿಂದಿನಿಂದ ಇನ್ನೊಂದು ಮೂಲೆ ಇಣುಕುತ್ತದೆ, ಅಷ್ಟೇ. ಹಳೆಯ ಹಾಳೆಗಳಲ್ಲಿ ಕೊನೆಯವರೆಗೂ ಪ್ರತಿ ಮೂಲೆಗೆ ಎರಡೆರಡು ಮುಖ ಇದ್ದವು. ಪರದೆ ಎಲ್ಲಿಂದ ಬರುತ್ತಿತ್ತು ಅಂತ ಅಲ್ಲಿಗೆ ಗೊತ್ತಾಯಿತು.

ಮರುದಿನವೇ ಬೇಲೂರು ಬಸ್ ಹತ್ತಿದೆ. ಹೋಗಿ ಅದೇ ಜಾಗದಲ್ಲಿ ಕೂತು ಅಂಚಿನ ಕಡೆ ನೋಡಿದರೆ, ಹೌದು, ಒಂದೇ ಮುಖ! ಕಲ್ಲು ಒಂಬೈನೂರು ವರ್ಷದಿಂದ ಅದನ್ನೇ ತೋರಿಸುತ್ತಾ ನಿಂತಿದೆ.

ಜಾಗದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಕೆಳಗಿನ ಆನೆ ಸಾಲಿನಿಂದ ಶುರು ಮಾಡಬೇಡಿ. ಕೂತಾಗ ನಮ್ಮ ಕಣ್ಣಿನ ಮಟ್ಟ ಆ ಪಟ್ಟಿಗಳ ಹತ್ತಿರವೇ ಇರುತ್ತದೆ. ಕಣ್ಣಿನ ಮಟ್ಟದಲ್ಲಿ ಎಲಿಪ್ಸ್ ಚಪ್ಪಟೆಯಾಗಿ ಒಂದು ಗೆರೆ ಆಗಿಬಿಡುತ್ತದೆ. ಮೂಲೆ ಮುಂದಿದೆಯೋ ಸಂದು ಹಿಂದಿದೆಯೋ ಆ ಗೆರೆ ಹೇಳುವುದಿಲ್ಲ. ಸೂರಿನಿಂದ ಶುರು ಮಾಡಿ. ಅದು ತಲೆಗಿಂತ ಎಷ್ಟೋ ಮೇಲಿದೆ, ಅಲ್ಲಿ ಎಲಿಪ್ಸ್ ಚೆನ್ನಾಗಿ ತೆರೆದುಕೊಂಡಿರುತ್ತದೆ. ಹತ್ತಿರದ ಮೂಲೆ ಎಲ್ಲಕ್ಕಿಂತ ಮೇಲೆ, ಸಂದು ಅದಕ್ಕಿಂತ ಕೆಳಗೆ, ದೂರದ ಮೂಲೆಗಳು ಇನ್ನೂ ಕೆಳಗೆ. ಅದು ಕೂತರೆ ಅಲ್ಲಿಂದ ನೇರ ಕೆಳಗೆ ಗೆರೆ ಇಳಿಸಿದರೆ ಆಯಿತು. ಆನೆಗಳು ತಾವಾಗಿಯೇ ಜಾಗಕ್ಕೆ ಬರುತ್ತವೆ.

ಆನೆ ಅಂದಾಗ ನೆನಪಾಯಿತು. ಶಾಲೆ ಪ್ರವಾಸಕ್ಕೆ ಬಂದ ಮಕ್ಕಳ ಗುಂಪು ಸುತ್ತ ನಿಂತಿತ್ತು. ಒಬ್ಬ ಹುಡುಗ ನನ್ನ ಹಾಳೆ ನೋಡಿ, ಗೋಡೆ ನೋಡಿ, ಮತ್ತೆ ಹಾಳೆ ನೋಡಿ, "ಅಂಕಲ್, ಆನೆ ಎಲ್ಲಾ ಎಲ್ಲಿ ಹೋದ್ವು?" ಅಂದ. ನಾನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿದ್ದ ಹುಡುಗಿ, "ಮೊದಲು ಕೊಟ್ಟಿಗೆ ಕಟ್ಟಬೇಕಲ್ವೇನೋ" ಅಂದಳು. ನನಗಿಂತ ಚೆನ್ನಾಗಿ ಹೇಳಿದಳು.

ಶೇಡಿಂಗ್ ಕೂಡ ಇದೇ ನಕ್ಷೆಯಿಂದ ಹಗುರವಾಯಿತು. ನಕ್ಷತ್ರದಲ್ಲಿ ಒಂದು ಚೌಕದ ಬದಿಯ ಎರಡು ತುದಿ ಮಾತ್ರ ಹೊರಗೆ ಉಳಿದಿರುತ್ತವೆ. ನಡುವೆ ಮೂರು ಮೂಲೆ ಅಡ್ಡ ಬಂದಿರುತ್ತವೆ. ಆದರೆ ಆ ಎರಡೂ ತುದಿ ಒಂದೇ ದಿಕ್ಕಿಗೆ ಮುಖ ಮಾಡಿವೆ. ಹಾಗಾಗಿ ಎರಡಕ್ಕೂ ಒಂದೇ ಬಿಸಿಲು, ಒಂದೇ ಟೋನ್ (ಕಪ್ಪು-ಬಿಳುಪಿನ ಮಟ್ಟ). ಈ ಜೋಡಿಗಳನ್ನು ಮೊದಲೇ ಗುರುತು ಮಾಡಿಕೊಂಡೆ. ಏಪ್ರಿಲ್‌ನಲ್ಲಿ ಸಂಜೆ 4ರ ಮೇಲೆ ಪಶ್ಚಿಮಕ್ಕೆ ಮುಖ ಮಾಡಿದ್ದೆಲ್ಲ ಬೆಳಕು, ದಕ್ಷಿಣಕ್ಕೆ ಮುಖ ಮಾಡಿದ್ದೆಲ್ಲ ನೆರಳು, ನಡುವಿನ ದಿಕ್ಕಿಗೆ ಒಂದು ಮಧ್ಯದ ಟೋನ್. ಮೂರೇ ಟೋನ್‌ನಲ್ಲಿ ಗೋಡೆ ಎದ್ದು ನಿಂತಿತು. ಬೆಳಕಿಗೆ ಕಾಗದ ಹಾಗೇ ಬಿಟ್ಟೆ, ನೆರಳಿಗೆ 4ಬಿ ಪೆನ್ಸಿಲ್, ಸೂರಿನ ಕೆಳಗಿನ ಕಪ್ಪಿಗೆ ಮಾತ್ರ ಇನ್ನೂ ಮೆತ್ತಗಿನ, ಕಪ್ಪಾದ 6ಬಿ.

ಬೆಳಗ್ಗೆ ಹೋಗುವವರು ಬೇಗ ಹೋಗಿ. ಚಪ್ಪಲಿ ಹೊರಗೆ ಬಿಡಬೇಕು, ಬೇಸಿಗೆಯಲ್ಲಿ 11 ಗಂಟೆ ಮೇಲೆ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ. ದಪ್ಪ ಸಾಕ್ಸ್ ಮತ್ತು ಕೂರಲು ಒಂದು ಚಾಪೆ ಇರಲಿ.

ಸಾಮಾನಿನ ಗೋಳು ಹೇಳದಿದ್ದರೆ ಆಗುವುದಿಲ್ಲ. ಬಳಪದ ಕಲ್ಲಿನ ಬಣ್ಣಕ್ಕೆ ಬೂದು ಕಾಗದ ಬೇಕು. ಮಧ್ಯದ ಟೋನ್ ಕಾಗದವೇ ಕೊಟ್ಟರೆ ಬೆಳಕನ್ನು ಬಿಳಿ ಪೆನ್ಸಿಲ್‌ನಲ್ಲಿ ಏರಿಸಬಹುದು. ಆನ್‌ಲೈನ್‌ನಲ್ಲಿ ಒಂದು ಕಡೆ ತರಿಸಿದೆ. ಬಂದಿದ್ದು ಆಕಾಶನೀಲಿ, ಅದೂ ಮೂಲೆಯೆಲ್ಲ ಮಡಿಸಿಕೊಂಡು. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಕದ ದಪ್ಪ ಕಾಗದ) ಅಂತ ಬರೆದಿದ್ದರು, ರಬ್ಬರ್ ಎರಡು ಸಲ ಆಡಿಸಿದರೆ ನಾರು ಏಳುತ್ತದೆ. ವಾಪಸ್ ಕೇಳಿದರೆ ಪ್ಯಾಕೆಟ್ ಒಡೆದಿದ್ದೀರಿ ಅಂತಾರೆ. ಒಡೆಯದೆ ಬಣ್ಣ ಹೇಗೆ ನೋಡುವುದು? ಊರಿನ ಅಂಗಡಿಗಳಲ್ಲಿ ಕೇಳಿದರೆ ಚಾರ್ಟ್ ಪೇಪರ್ ತೋರಿಸುತ್ತಾರೆ. 6ಬಿ ಒಂದೇ ಬೇಕು ಅಂದರೆ ಇಡೀ ಸೆಟ್ ತಗೊಳ್ಳಿ ಅಂತಾರೆ. ಆ ಸೆಟ್‌ಗಳಿಂದ ಉಳಿದ ಎಚ್‌ಬಿ ಪೆನ್ಸಿಲ್‌ಗಳನ್ನು ಪಕ್ಕದ ಮನೆ ಮಕ್ಕಳಿಗೆ ಹಂಚುತ್ತಿದ್ದೇನೆ. ಅವರಿಗೆ ನಾನು ಅಂದರೆ ಈಗ ತುಂಬಾ ಪ್ರೀತಿ.

ಗೋಡೆ ಬಂತು, ಇನ್ನು ಮದನಿಕೆಯರ (ಸೂರಿನ ಕೆಳಗಿನ ಸುಂದರಿಯರ ಶಿಲ್ಪಗಳು) ಕಡೆ ಕಣ್ಣು ಹೋಗಿದೆ. ಕನ್ನಡಿ ಹಿಡಿದ ದರ್ಪಣ ಸುಂದರಿಯಿಂದ ಶುರು ಮಾಡಬೇಕು. ಅವರೆಲ್ಲ ಸೂರಿನ ಕೆಳಗೆ ಓರೆಯಾಗಿ ಮುಂದಕ್ಕೆ ಬಾಗಿ ನಿಂತಿದ್ದಾರೆ. ನಾವು ಕೆಳಗಿನಿಂದ ನೋಡುತ್ತೇವೆ. ಬಾಗಿರುವುದರಿಂದ ಮುಖ ನಮ್ಮ ಕಡೆಗೇ ಬರುತ್ತದೆ. ಕೆಳಗಿನಿಂದ ನೋಡುವ ಕಣ್ಣಿಗೆ ಎಷ್ಟು ಕುಗ್ಗುತ್ತದೆ, ಬಾಗುವಿಕೆ ಅದರಲ್ಲಿ ಎಷ್ಟನ್ನು ವಾಪಸ್ ಕೊಡುತ್ತದೆ ಅಂತ ಅಳೆದು ನೋಡುವ ಆಸೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇಲ್ಲಿ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಅವರ ಕೆಲಸವನ್ನು ಹಾಳೆಯ ಮೇಲೆ ಮತ್ತೆ ಮಾಡುವಾಗ ಅವರ ಪಕ್ಕ ಕೂತು ಕಲಿತ ಹಾಗೇ ಆಗುತ್ತದೆ ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ನಡುವೆ ಶೆಟ್ಟಿಹಳ್ಳಿ ಚರ್ಚ್ ಬೇರೆ ತಲೆಯಲ್ಲಿ ಕೂತಿದೆ. ಮಳೆ ಹಿಡಿದು ಹೇಮಾವತಿ ಹಿನ್ನೀರು ಏರಿದರೆ ಅದು ಅರ್ಧ ಮುಳುಗುತ್ತದೆ. ಮೊನಚು ಕಮಾನು, ಅದರ ನೀರಿನ ನೆರಳು, ಎರಡೂ ಒಂದೇ ಹಾಳೆಯಲ್ಲಿ. ಅದಕ್ಕೆ ಪೆನ್ಸಿಲ್ ಸಾಲದು, ಇಂಕ್ ವಾಶ್ (ನೀರು ಬೆರೆಸಿದ ಶಾಯಿಯನ್ನು ಕುಂಚದಲ್ಲಿ ಹರಡುವುದು) ಕಲಿಯಬೇಕು. ಅದಕ್ಕೆ ಇನ್ನೊಂದು ಥರದ ಕಾಗದ ಬೇಕು, ಮತ್ತೆ ಅದೇ ಅಂಗಡಿಗಳು.

ಈಗಿನ ಹಾಳೆಯಲ್ಲಿ ಬಾಕಿ ಇರುವುದು ಸೂರಿನ ನೆರಳು. ನೇರ ಗೋಡೆಯ ಮೇಲೆ ಸೂರಿನ ನೆರಳು ನೇರ ಪಟ್ಟಿ. ನಕ್ಷತ್ರದ ಗೋಡೆಯ ಮೇಲೆ ಅದು ಪ್ರತಿ ಮುಖಕ್ಕೂ ಒಂದೊಂದು ಓರೆಯಲ್ಲಿ ಇಳಿಯುತ್ತದೆ, ಸಂದಿನಲ್ಲಿ ಮುರಿಯುತ್ತದೆ, ಹತ್ತು ನಿಮಿಷಕ್ಕೆ ಜಾಗ ಬದಲಿಸುತ್ತದೆ. ಮುಂದಿನ ಭಾನುವಾರ ಬರೀ ಅದಕ್ಕೇ ಹೋಗುತ್ತಿದ್ದೇನೆ. ಒಂದೇ ಮೂಲೆ, ಎರಡು ಮುಖ, ಅರ್ಧ ಗಂಟೆಗೊಂದು ನೆರಳಿನ ಗೆರೆ. ಅಷ್ಟರಲ್ಲಿ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಒಳ್ಳೆಯ ಬೂದು ಕಾಗದ ಬಿಡಿ ಹಾಳೆಯಾಗಿ ಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ನೀಲಿ ಬೇಡ.