ಅಪ್ಪೆಮಿಡಿ ಪಟ್ಟಿಯಲ್ಲಿ ಎರಡು ಕಾರ್ಗಲ್

ಕೊನೆಗೂ ಸಿಕ್ಕಿತು! ಮೂರು ರಾತ್ರಿ ನಿದ್ದೆ ಕೆಡಿಸಿದ ಕಳ್ಳ, ಕಣ್ಣಿಗೇ ಕಾಣದ ಒಂದು ಅಕ್ಷರ.

ಸಾಗರದ ಸುತ್ತಮುತ್ತಲಿನ ಅಪ್ಪೆಮಿಡಿ ಮರಗಳ ಪಟ್ಟಿಗೆ ವೆಬ್ ಫಾರ್ಮ್ ಮಾಡುತ್ತಿದ್ದೇನೆ. ಮರದ ಹೆಸರು, ಊರು, ಮಿಡಿ ಯಾವಾಗ ಬರುತ್ತೆ, ಅಷ್ಟೇ. ಕೋಡ್ ಪೈಥಾನ್ ಭಾಷೆಯಲ್ಲಿ, ಡೇಟಾಬೇಸ್ ಎಸ್‌ಕ್ಯೂಲೈಟ್.

ಊರುವಾರು ಲೆಕ್ಕ ತೆಗೆದಾಗ ತಲೆನೋವು ಶುರುವಾಯಿತು. ಕಾರ್ಗಲ್, 14 ಮರ. ಅದರ ಕೆಳಗೇ ಮತ್ತೆ ಕಾರ್ಗಲ್, 3 ಮರ. ಹಿಂದೆ ಮುಂದೆ ಸ್ಪೇಸ್ ಇರಬಹುದು ಅಂತ ಅದನ್ನು ತೆಗೆಯುವ ಸ್ಟ್ರಿಪ್ ಹಾಕಿದೆ. ಊಹೂಂ. ಒಂದೇ ಅಕ್ಷರದ ಬೇರೆ ಬೇರೆ ಯೂನಿಕೋಡ್ ರೂಪಗಳನ್ನು ಒಂದು ಮಾಡುವ ಎನ್‌ಎಫ್‌ಸಿ ಮಾಡಿದೆ. ಆಗಲೂ ಎರಡೇ.

ಸಿಟ್ಟಲ್ಲಿ ಅಕ್ಷರ, ಅಂಕಿ, ಸ್ಪೇಸ್ ಬಿಟ್ಟು ಬೇರೆ ಎಲ್ಲ ಕಿತ್ತುಹಾಕುವ ರೀಜೆಕ್ಸ್ (ಅಕ್ಷರ ಹುಡುಕುವ ಸೂತ್ರ) ಬರೆದೆ. ಪೈಥಾನ್‌ನ ಅಕ್ಷರ, ಅಂಕಿ ಗುರುತಿಸುವ ಮಾಮೂಲಿ 'ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ'ಗೆ ನಮ್ಮ ಕಾಗುಣಿತದ ಚಿಹ್ನೆಗಳು ಅಕ್ಷರವೇ ಅಲ್ಲ! 'ಅನಂತಭಟ್ಟನ ಅಪ್ಪೆ' ಅನ್ನೋ ತಳಿಯ ಹೆಸರು ಹೋಗಿ 'ಅನತಭಟಟನ ಅಪಪ' ಆಯಿತು. ಅಮ್ಮ ಇಣುಕಿ ನೋಡಿ, "ಇದ್ಯಾವ ಜಾತಿ ಮಾವಿನಕಾಯಿ ಮಾರಾಯ?" ಅಂದರು. ಪುಣ್ಯಕ್ಕೆ ಬ್ಯಾಕಪ್ ಇತ್ತು.

ಹೋಸ್ಟಿಂಗ್‌ನವರಿಗೆ ಟಿಕೆಟ್ ಹಾಕಿದೆ. ಎರಡು ದಿನ ಬಿಟ್ಟು ಬಂದ ಉತ್ತರ: ಬ್ರೌಸರ್ ಕ್ಯಾಷ್ ಕ್ಲಿಯರ್ ಮಾಡಿ. ಅವರ ಹತ್ರ ಎಲ್ಲ ರೋಗಕ್ಕೂ ಇದೊಂದೇ ಕಷಾಯ.

ಆಮೇಲೆ ಸುಮ್ನೆ ಹೆಸರಿನ ಉದ್ದ ಅಳೆದೆ, ಕಾಗುಣಿತದ ಚಿಹ್ನೆಗಳನ್ನೂ ಒಂದೊಂದಾಗಿ ಎಣಿಸಿ. ಒಂದು ಕಾರ್ಗಲ್ 7, ಇನ್ನೊಂದು 8. ಆ ಎಂಟನೆಯದು ಯು+200ಸಿ, ಝೀರೋ ವಿಡ್ತ್ ನಾನ್ ಜಾಯ್ನರ್, ಅಂದರೆ ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ, ಅಗಲವೇ ಇಲ್ಲದ ಗುರುತು. ಒಬ್ಬರು ಹಳೇ ಫಾಂಟ್‌ನಲ್ಲಿದ್ದ ಪಟ್ಟಿಯನ್ನು ಯೂನಿಕೋಡ್‌ಗೆ ಬದಲಿಸಿ ಅಂಟಿಸಿದ್ದರು. ಕೊನೆಯ 'ಲ್' ಆದ ಮೇಲೆ ಅದು ಬಾಲದ ಹಾಗೆ ಬಂದಿತ್ತು. ಮಿಡಿಯ ಸೊನೆಯಾದರೆ ಕೈಗಾದರೂ ಅಂಟುತ್ತೆ, ಈ ಸೊನ್ನೆ ಅಗಲದ್ದು ಎಲ್ಲಿ ಕಾಣಬೇಕು?

ಎಲ್ಲ ಕಡೆಯಿಂದ ಅಳಿಸಿದೆ. ತಗೊಳ್ಳಿ, 'ಶರಾವತಿ ಬ್ಯಾಕ್‌ವಾಟರ್ ಪಕ್ಕ' ಅಂತಿದ್ದದ್ದು 'ಬ್ಯಾಕ್ವಾಟರ್' ಆಗಿ ಕೂತಿತು. ಪದದ ನಡುವೆ ಅದಕ್ಕೆ ಕೆಲಸ ಇದೆ, ಅಲ್ವಾ? ಈಗ ಅದರ ಮುಂದೆ ಕನ್ನಡ ಅಕ್ಷರ ಇಲ್ಲದಿದ್ದರೆ ಮಾತ್ರ ಅಳಿಸುತ್ತೇನೆ. ಮಿಡಿಗೆ ತೊಟ್ಟು ಬೇಕು, ಊರಿನ ಹೆಸರಿಗೆ ಬೇಡ. ಹುಡುಕೋಕೆ, ಗುಂಪು ಮಾಡೋಕೆ ಬೇರೆ ಕಾಲಂ, ಅದರಲ್ಲಿ ಪೂರ್ತಿ ತೆಗೆದದ್ದು. ಜನ ಬರೆದದ್ದು ಬರೆದ ಹಾಗೇ ಮೂರನೇ ಕಾಲಮ್ಮಿನಲ್ಲಿ. ಭಟ್ಟರ ಅಪ್ಪೆ ಕಲಿಸಿದ ಪಾಠ ಅದು.

ಅಂದಹಾಗೆ, ಮುಂದಿನದು ಅಡಿಕೆ ಒಣಗಿಸುವ ಅಂಗಳಕ್ಕೆ ಮಳೆ ಅಲಾರಂ. ಹನಿ ಬಿದ್ದರೆ ಬಜರ್. ತರಿಸಿದ ಎರಡು ಸೆನ್ಸರ್‌ಗಳಲ್ಲಿ ಒಂದು ಡಬ್ಬಿಯಲ್ಲೇ ತುಕ್ಕು ಹಿಡಿದಿತ್ತು. ವಾಪಸ್ ಕಳಿಸೋಕೆ ಕೊರಿಯರ್ ಖರ್ಚೇ ಜಾಸ್ತಿ. ಇನ್ನೊಂದನ್ನು ಬಚ್ಚಲಲ್ಲಿ ಪರೀಕ್ಷೆ ಮಾಡ್ತಾ ಇದ್ದೇನೆ.

ಇವತ್ತು ಮತ್ತೆ ಲೆಕ್ಕ ತೆಗೆದೆ. ಕಾರ್ಗಲ್ ಒಂದೇ, 17 ಮರ. ಕೆಳಗೆ ಇನ್ನೊಂದು ಸಾಲು: 'ಕಾರ್ಗಲ್ಲು, 1 ಮರ'. ಇದಕ್ಕೆ ರೀಜೆಕ್ಸ್ ಬರೆಯಲ್ಲ. ನಾಳೆ ಅದನ್ನು ಬರೆದವರಿಗೇ ಫೋನ್ ಮಾಡ್ತೀನಿ.